ಚಪಾತಿ ಚಿಪ್ಸ್ ಗರಿಯಾಗದಿದ್ದರೆ: ದೋಷ ಗುರುತಿಸುವ ಮತ್ತು ಸರಿಪಡಿಸುವ ಕ್ರಮ

ಹಿಂದಿನ ದಿನ ಉಳಿದ ಗೋಧಿ ಚಪಾತಿಯನ್ನು ಕತ್ತರಿಸಿ, ಎಣ್ಣೆ ಸವರಿ, ಓಟಿಜಿಯಲ್ಲಿ (ಮನೆಬಳಕೆಯ ಚಿಕ್ಕ ವಿದ್ಯುತ್ ಒವನ್‌ನಲ್ಲಿ) ಬೇಕ್ ಮಾಡಿ, ಮಸಾಲೆ ಹಚ್ಚಿ ಚಿಪ್ಸ್ ಮಾಡುವುದು ಹೇಳುವುದಕ್ಕೆ ಎರಡು ಸಾಲಿನ ಕೆಲಸ. ಮಾಡಿ ನೋಡಿದವರ ಕೈಗೆ ಮೊದಲ ಸಲ ಬರುವುದು ಮಾತ್ರ ಅಂಚು ಕಪ್ಪಾಗಿ ನಡು ಬಾಗುವ ತುಂಡುಗಳು, ಇಲ್ಲವೇ ರಾತ್ರಿ ಗರಿಗರಿಯಾಗಿದ್ದು ಬೆಳಗಾಗುವಷ್ಟರಲ್ಲಿ ಮೆತ್ತಗಾದ ಒಂದು ಡಬ್ಬಿ. ಆಗ ಸಾಮಾನ್ಯವಾಗಿ ಕಾವು ಹೆಚ್ಚಿಸುತ್ತೇವೆ, ಇನ್ನಷ್ಟು ಎಣ್ಣೆ ಹಾಕುತ್ತೇವೆ, ಅಥವಾ ಎರಡನ್ನೂ ಒಟ್ಟಿಗೆ ಮಾಡುತ್ತೇವೆ. ಒಂದು ದೋಷ ಹೋಗಿ ಇನ್ನೊಂದು ಬರುತ್ತದೆ. ನನ್ನ ಅಡುಗೆಮನೆಯಲ್ಲಿ ಎರಡು ಮಳೆಗಾಲ ಇದೇ ನಡೆದ ಮೇಲೆ ನನಗೆ ಸ್ಪಷ್ಟವಾದ ಸಂಗತಿ ಇಷ್ಟು: ಚಿಪ್ಸ್ ಒಣಗುವುದು ಬೇರೆ ಕೆಲಸ, ಕೆಂಪಾಗುವುದು ಬೇರೆ ಕೆಲಸ. ಎರಡೂ ಒಂದೇ ಟ್ರೇಯಲ್ಲಿ, ಒಂದೇ ಹೊತ್ತಿನಲ್ಲಿ ನಡೆಯುವುದರಿಂದ ಒಂದೇ ಎಂದು ಭಾಸವಾಗುತ್ತದೆ. ಬಣ್ಣ ನೋಡಿ ಗರಿಯಾಗಿದೆ ಎಂದು ನಂಬುವುದೇ ಬಹುಪಾಲು ದೋಷಗಳ ಬೇರು.

ತವೆಯಿಂದ ಇಳಿದ ಮನೆಯ ಚಪಾತಿಯಲ್ಲಿ ಅದರ ತೂಕದ ಮೂರನೆಯ ಒಂದು ಭಾಗದಷ್ಟು ನೀರು ಉಳಿದಿರುತ್ತದೆ. ಅದು ಗರಿಯಾಗಿ ಮುರಿಯಬೇಕಾದರೆ ಆ ನೀರು ಶೇಕಡಾ 3ರಿಂದ 4ರ ಮಟ್ಟಕ್ಕೆ ಇಳಿಯಬೇಕು. ಮೇಲ್ಮೈ ಒದ್ದೆಯಾಗಿರುವವರೆಗೆ ಅದರ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಒಣಗಿದ ಮೇಲಷ್ಟೇ ಅದು 140 ಡಿಗ್ರಿ ದಾಟಿ, ಹಿಟ್ಟಿನ ಸಕ್ಕರೆ ಮತ್ತು ಪ್ರೋಟೀನುಗಳು ಕೂಡಿ, ಹೊಂಬಣ್ಣವೂ ಹುರಿದ ಪರಿಮಳವೂ ಬರುತ್ತವೆ. ತೆಳುವಾದ ಅಂಚು ಬೇಗ ಒಣಗಿ ಬೇಗ ಕೆಂಪಾಗುತ್ತದೆ, ದಪ್ಪನೆಯ ನಡು ಆಗಿನ್ನೂ ನೀರು ಬಿಡುತ್ತಿರುತ್ತದೆ. ಮುಂದೆ ಬರುವ ಪ್ರತಿಯೊಂದು ದೋಷವನ್ನೂ ಈ ಎರಡು ಕೆಲಸಗಳಲ್ಲಿ ಯಾವುದು ಮುಂದೆ ಓಡಿತು, ಯಾವುದು ಹಿಂದೆ ಉಳಿಯಿತು ಎಂದು ಕೇಳಿಕೊಂಡು ನೋಡಬೇಕು.

ಹೋಲಿಕೆಗೆ ಒಂದು ಅಳತೆ

ದೋಷ ಹುಡುಕುವ ಮುನ್ನ ಎಲ್ಲರಿಗೂ ಒಂದು ಸಾಮಾನ್ಯ ಅಳತೆ ಇರಲಿ. ಸುಮಾರು 150 ಗ್ರಾಂ ತೂಗುವ ನಾಲ್ಕು ಚಪಾತಿ, ಎರಡು ಟೀ ಚಮಚ ಎಣ್ಣೆ, ಅಂದರೆ ಸುಮಾರು 9 ಗ್ರಾಂ. ಚಪಾತಿಗಳು ಹಿಂದಿನ ದಿನದವಾಗಿದ್ದರೆ ಒಳ್ಳೆಯದು: ರಾತ್ರಿ ಕಳೆಯುವಷ್ಟರಲ್ಲಿ ಒಳಗಿನ ತೇವ ಎಲ್ಲ ಕಡೆ ಸಮನಾಗಿ ಹರಡಿ, ಪಿಷ್ಟ ಬಿಗಿಯಾಗಿ, ಕತ್ತರಿಸುವಾಗ ಅಂಚು ಹಿಂಜದೆ ಶುಚಿಯಾಗಿ ಬರುತ್ತದೆ. ಎರಡೂ ಬದಿಗೆ ಬ್ರಷ್‌ನಿಂದ ಎಣ್ಣೆಯನ್ನು ತೆಳುವಾಗಿ ಸವರಿ, ಎರಡು ಬೆರಳಗಲದ ಚೌಕ ಅಥವಾ ಪಟ್ಟಿಗಳಾಗಿ ಪಿಝ್ಝಾ ಕಟರ್‌ನಿಂದ ಕತ್ತರಿಸಿ, ಒಂದರ ಮೇಲೊಂದು ಬೀಳದಂತೆ ಟ್ರೇಯಲ್ಲಿ ಹರಡಬೇಕು. ಓಟಿಜಿಯನ್ನು 160 ಡಿಗ್ರಿಯಲ್ಲಿ, ಮೇಲಿನ ಮತ್ತು ಕೆಳಗಿನ ಎರಡೂ ರಾಡ್ ಹಾಕಿ, ಮೊದಲೇ 10 ನಿಮಿಷ ಕಾಯಿಸಿರಬೇಕು. ನಡುವಿನ ಹಂತದಲ್ಲಿ ಟ್ರೇ ಇಟ್ಟು 7 ನಿಮಿಷ, ತುಂಡುಗಳನ್ನು ತಿರುವಿ ಹಾಕಿ ಇನ್ನು 4ರಿಂದ 5 ನಿಮಿಷ. ಬಳಿಕ ಸ್ವಿಚ್ ಆರಿಸಿ, ಬಾಗಿಲಿನ ಸಂದಿಗೆ ಮರದ ಸೌಟೊಂದನ್ನು ಸಿಕ್ಕಿಸಿ, ಹಬೆ ಹೊರಹೋಗುವಂತೆ ಮಾಡಿ 10 ನಿಮಿಷ ಒಳಗೇ ಬಿಡಬೇಕು. ಈ ಕೊನೆಯ 10 ನಿಮಿಷವನ್ನು ಬಿಟ್ಟುಬಿಡುವವರೇ ಹೆಚ್ಚು. ಬಣ್ಣ ಹೆಚ್ಚು ಏರದೆ ಉಳಿದ ನೀರು ಹೊರಬೀಳುವುದು ಈ ಹೊತ್ತಿನಲ್ಲೇ.

ಟ್ರೇಗೆ ಕಾಗದ ಹಾಸುವವರು ಒಂದು ವಿಷಯ ಗಮನಿಸಬೇಕು. ನಮ್ಮ ಅಂಗಡಿಗಳಲ್ಲಿ ಬಟರ್ ಪೇಪರ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಕಾಗದಗಳು ಸಿಗುತ್ತವೆ. ಮೇಣದ ಲೇಪವಿರುವ, ತಿಂಡಿ ಸುತ್ತುವ ಕಾಗದ ಓಟಿಜಿಯ ಕಾವಿಗೆ ಕರಗಿ ಹೊಗೆಯಾಡುತ್ತದೆ. ಬೇಕಿಂಗ್‌ಗೆಂದೇ ತಯಾರಾಗಿ, ತಾಳುವ ಉಷ್ಣತೆಯನ್ನು ಸುತ್ತಿನ ಮೇಲೆ ಬರೆದಿರುವ ಕಾಗದವನ್ನು ಮಾತ್ರ ಬಳಸಬೇಕು, ಅದೂ ರಾಡಿಗೆ ತಾಗದಂತೆ ಟ್ರೇಯ ಅಳತೆಗೆ ಕತ್ತರಿಸಿ.

ಪರೀಕ್ಷೆ ಮಾಡುವ ಬಗೆ

ಓಟಿಜಿಯಿಂದ ತೆಗೆದ ಕೂಡಲೇ ಚಿಪ್ಸ್ ಬಾಗಿಸಿ ನೋಡಿ ತೀರ್ಮಾನ ಮಾಡಬಾರದು. ಬಿಸಿ ಇರುವಾಗ ಒಣಗಿದ ಪಿಷ್ಟವೂ ಸ್ವಲ್ಪ ಬಾಗುತ್ತದೆ. ಆರಿದ ಮೇಲೆ ಅದು ಗಾಜಿನಂತೆ ಬಿಗಿಯುತ್ತದೆ. ಬಿಸಿಯಲ್ಲಿ ಬಾಗಿತೆಂದು ಮತ್ತೆ ಒಳಗಿಟ್ಟು ಸುಟ್ಟುಕೊಂಡ ಟ್ರೇಗಳಿಗೆ ಲೆಕ್ಕವಿಲ್ಲ. ಟ್ರೇಯ ಒಂದು ಮೂಲೆಯಿಂದ, ಬಾಗಿಲ ಬದಿಯಿಂದ ಮತ್ತು ನಟ್ಟನಡುವಿನಿಂದ ಒಂದೊಂದು ತುಂಡನ್ನು ತೆಗೆದು, ತಂತಿ ಜಾಲರಿಯ ಮೇಲೆ 10 ನಿಮಿಷ ಆರಲು ಬಿಡಬೇಕು. ಆಮೇಲೆ ತುಂಡಿನ ಸರಿಯಾಗಿ ನಡುವಿನಲ್ಲಿ ಮುರಿಯಬೇಕು. ಅಂಚನ್ನು ಮುರಿದು ನೋಡಿದರೆ ಯಾವಾಗಲೂ ಗರಿಯೆಂದೇ ತೋರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ.

ಸರಿಯಾದ ತುಂಡು ಕಿವಿಗೆ ಕೇಳುವಂತೆ ಚಟ್ಟೆಂದು ಮುರಿಯುತ್ತದೆ, ಮುರಿದ ಮುಖದಲ್ಲಿ ಸಣ್ಣ ಸಣ್ಣ ರಂಧ್ರಗಳಿರುವ ತಿಳಿಬಣ್ಣದ ಪದರ ಕಾಣುತ್ತದೆ. ಮುರಿಯುವ ಮುನ್ನ ಬಾಗಿದರೆ, ಅಥವಾ ಮುರಿದ ಮುಖದ ನಡುವೆ ಸ್ವಲ್ಪ ಗಾಢವಾದ, ಅರೆಪಾರದರ್ಶಕ ಗೆರೆಯೊಂದು ಕಂಡರೆ, ಅಲ್ಲಿ ನೀರು ಉಳಿದಿದೆ. ಸದ್ದಿಲ್ಲದೆ, ಬಹಳ ಬಲ ಹಾಕಿದ ಮೇಲೆ ಮುರಿದು, ಮುಖ ನುಣುಪಾಗಿ ಕಂಡರೆ ನೀರು ಹೋಗಿದೆ, ಆದರೆ ರಂಧ್ರಗಳು ಆಗಿಲ್ಲ. ಇದು ಗಡಸಿನ ದೋಷ, ಇದರ ಮಾತು ಮುಂದೆ ಇದೆ.

ಅಡುಗೆಮನೆಯಲ್ಲಿ ತೂಕದ ಯಂತ್ರವಿದ್ದರೆ ಊಹೆಗೆ ಜಾಗವೇ ಇರುವುದಿಲ್ಲ. ಮೇಲಿನ ಅಳತೆಯಲ್ಲಿ ಎಣ್ಣೆ ಸೇರಿ ಸುಮಾರು 160 ಗ್ರಾಂ ಇದ್ದದ್ದು, ಪೂರ್ತಿ ಒಣಗಿದಾಗ 115 ಗ್ರಾಂ ಆಸುಪಾಸಿಗೆ ಇಳಿಯಬೇಕು. ಚಪಾತಿ ತೀರ ಮೆದುವಾಗಿದ್ದರೆ ಇನ್ನೂ ಸ್ವಲ್ಪ ಕಡಿಮೆ, ಒಣಗಿದ್ದಾಗಿದ್ದರೆ ಸ್ವಲ್ಪ ಹೆಚ್ಚು. ಹೊಂಬಣ್ಣ ಚೆನ್ನಾಗಿ ಬಂದಿದೆ, ಆದರೆ ತೂಕ 130 ಗ್ರಾಂ ತೋರಿಸುತ್ತಿದೆ ಎಂದರೆ ಒಳಗೆ ಇನ್ನೂ ಶೇಕಡಾ 15–16ರಷ್ಟು ನೀರಿದೆ ಎಂದೇ ಅರ್ಥ. ಈ ಚಿಪ್ಸ್ ತೊಗಲಿನಂತೆ ಜಗಿಯಬೇಕಾಗುತ್ತದೆ.

ಅಂಚು ಸೀದು, ನಡು ಮೆತ್ತಗೆ

ಇದು ಬಣ್ಣ ಮುಂದೆ ಓಡಿ ಒಣಗುವಿಕೆ ಹಿಂದೆ ಉಳಿದ ದೋಷ. ಕಾರಣಗಳು ಮೂರು ಕಡೆ ಇರಬಹುದು: ಚಪಾತಿಯಲ್ಲಿ, ಕತ್ತರಿಸಿದ ಆಕಾರದಲ್ಲಿ, ಓಟಿಜಿಯಲ್ಲಿ. ಈ ಕ್ರಮದಲ್ಲೇ ನೋಡುವುದು ಒಳ್ಳೆಯದು, ಏಕೆಂದರೆ ಮೊದಲ ಎರಡನ್ನು ಕಣ್ಣಿನಿಂದಲೇ ಪರೀಕ್ಷಿಸಬಹುದು.

ಚಪಾತಿಯನ್ನು ಬೆಳಕಿಗೆ ಹಿಡಿದರೆ ತೆಳುವಾದ ಕಡೆ ಬೆಳಕು ಹಾಯುತ್ತದೆ, ದಪ್ಪನೆಯ ಕಡೆ ನೆರಳು ಕಾಣುತ್ತದೆ. ಲಟ್ಟಣಿಗೆಯ ಒತ್ತಡ ಅಂಚಿನಲ್ಲಿ ಹೆಚ್ಚಾದರೆ ನಡು ಉಬ್ಬಿ ಉಳಿಯುತ್ತದೆ. ತಿನ್ನುವಾಗ ಗೊತ್ತಾಗದ ಈ ವ್ಯತ್ಯಾಸ ಬೇಕ್ ಮಾಡುವಾಗ ಎದ್ದು ಕಾಣುತ್ತದೆ. ಅಂಥ ಚಪಾತಿಯ ಅಂಚಿನ ತುಂಡುಗಳನ್ನೂ ನಡುವಿನ ತುಂಡುಗಳನ್ನೂ ಬೇರೆ ಬೇರೆ ಟ್ರೇಯಲ್ಲಿ, ಇಲ್ಲವೇ ಒಂದರ ನಂತರ ಒಂದು ಸರದಿಯಲ್ಲಿ ಬೇಕ್ ಮಾಡಬೇಕು. ಎಣ್ಣೆ ಸವರಿ ಮಡಚಿ ಲಟ್ಟಿಸಿದ ಪದರ ಚಪಾತಿಗಳ ವಿಷಯವೇ ಬೇರೆ. ಅವುಗಳ ಪದರಗಳ ನಡುವೆ ತೇವ ಸಿಕ್ಕಿಕೊಂಡಿರುತ್ತದೆ. 160 ಡಿಗ್ರಿಯಲ್ಲಿ ಹೊರಗಿನ ಪದರ ಕೆಂಪಾದಾಗಲೂ ಒಳಪದರ ಹಸಿಯಾಗಿಯೇ ಇರುತ್ತದೆ. ಇವುಗಳಿಗೆ ಮೊದಲು 130 ಡಿಗ್ರಿಯಲ್ಲಿ 15 ನಿಮಿಷ, ಬಳಿಕ 160ರಲ್ಲಿ 4ರಿಂದ 5 ನಿಮಿಷ ಎಂದು ಎರಡು ಹಂತ ಮಾಡಿದರೆ ದೋಷ ಹೋಗುತ್ತದೆ. ಹಾಟ್‌ಬಾಕ್ಸಿನಲ್ಲಿ ರಾತ್ರಿಯಿಡೀ ಇದ್ದ ಚಪಾತಿಗಳಲ್ಲಿ ಕೆಳಗಿನ ಒಂದೆರಡು ಹಬೆಯ ನೀರಿಗೆ ಒದ್ದೆಯಾಗಿರುತ್ತವೆ. ಅವನ್ನು ಬಿಸಿ ತವೆಯ ಮೇಲೆ ಅರ್ಧ ನಿಮಿಷ ತಿರುವಿ, ಮೇಲ್ಮೈ ಒಣಗಿಸಿದ ಮೇಲೆ ಎಣ್ಣೆ ಸವರಬೇಕು.

ಆಕಾರದ ಮಾತು ಸಣ್ಣದು, ಆದರೆ ಪರಿಣಾಮ ದೊಡ್ಡದು. ಚಪಾತಿಯನ್ನು ಎಂಟು ತ್ರಿಕೋನಗಳಾಗಿ ಕತ್ತರಿಸುವುದು ನೋಡಲು ಅಂದ. ಆದರೆ ತ್ರಿಕೋನದ ಚೂಪು ತುದಿಗೆ ಮೂರು ಕಡೆಯಿಂದ ಕಾವು ತಾಗುತ್ತದೆ, ಅಲ್ಲಿರುವ ಹಿಟ್ಟೂ ಅತಿ ಕಡಿಮೆ. ತುದಿ ಸೀದ ಹೊತ್ತಿಗೆ ಅಗಲದ ಭಾಗ ಅರ್ಧ ಒಣಗಿರುತ್ತದೆ. ಚೌಕ ಮತ್ತು ಪಟ್ಟಿಗಳಲ್ಲಿ ಈ ಅಂತರ ಕಡಿಮೆ.

ಈ ಎರಡೂ ಸರಿಯಿದ್ದು ದೋಷ ಉಳಿದರೆ ಓಟಿಜಿಯನ್ನು ಸಂಶಯಿಸಬೇಕು. ಡಯಲಿನ ಮೇಲೆ ಬರೆದ ಸಂಖ್ಯೆಗೂ ಒಳಗಿನ ನಿಜವಾದ ಉಷ್ಣತೆಗೂ 20–30 ಡಿಗ್ರಿ ಅಂತರವಿರುವುದು ಮನೆಯ ಚಿಕ್ಕ ಓಟಿಜಿಗಳಲ್ಲಿ ಅಪರೂಪವಲ್ಲ. ಒಳಗಿಡುವ ಥರ್ಮಾಮೀಟರ್ ಇದ್ದರೆ ಅದನ್ನೇ ನಂಬಬೇಕು. ಇಲ್ಲದವರಿಗೆ ಸಕ್ಕರೆಯ ಪರೀಕ್ಷೆಯಿದೆ. ಶುದ್ಧ ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಅಲ್ಯೂಮಿನಿಯಂ ಹಾಳೆಯ ಚಿಕ್ಕ ಬಟ್ಟಲಿನಲ್ಲಿ ಒಂದು ಚಮಚ ಸಕ್ಕರೆ ಹಾಕಿ, ಡಯಲನ್ನು 175ರಲ್ಲಿಟ್ಟು ಚೆನ್ನಾಗಿ ಕಾಯಿಸಿದ ಓಟಿಜಿಯ ನಡುವೆ 15 ನಿಮಿಷ ಇಡಬೇಕು: ಸಕ್ಕರೆ ಕಾಳುಕಾಳಾಗಿಯೇ ಉಳಿಯಬೇಕು. ಬಳಿಕ ಹೊಸ ಸಕ್ಕರೆಯನ್ನು 190ರಲ್ಲಿ ಅಷ್ಟೇ ಹೊತ್ತು ಇಟ್ಟರೆ ಕರಗಬೇಕು. ಮೊದಲನೆಯದೇ ಕರಗಿದರೆ ಓಟಿಜಿ ಡಯಲಿಗಿಂತ ಬಿಸಿ. ಎರಡನೆಯದೂ ಕರಗದಿದ್ದರೆ ಡಯಲಿಗಿಂತ ತಂಪು. ನಮ್ಮ ಮನೆಯದರಲ್ಲಿ ನಾನು ಈ ಪರೀಕ್ಷೆ ಮಾಡಿದಾಗ ಮೊದಲ ಬಟ್ಟಲಿನ ಸಕ್ಕರೆ ಜೇನಿನ ಬಣ್ಣದ ಪಾಕವಾಗಿತ್ತು. ಡಯಲನ್ನು 160ಕ್ಕೆ ಇಳಿಸಿ ಮತ್ತೊಂದು ಬಟ್ಟಲು ಇಟ್ಟೆ. ಬಾಗಿಲಿನ ಕಡೆಯ ಕಾಳುಗಳು ಹಾಗೇ ಇದ್ದವು, ಹಿಂಬದಿಯ ಗೋಡೆಯ ಕಡೆಯವು ಕರಗಿ ಬಟ್ಟಲಿಗೆ ಅಂಟಿದ್ದವು. ಒಂದೇ ಬಟ್ಟಲು ಎರಡು ಸಂಗತಿಗಳನ್ನು ಹೇಳಿತ್ತು: ಡಯಲು ಸುಮಾರು 25 ಡಿಗ್ರಿ ಕಡಿಮೆ ತೋರಿಸುತ್ತಿದೆ, ಮತ್ತು ಹಿಂಬದಿ ಮುಂಬದಿಗಿಂತ ಬಿಸಿ. ಅಂದಿನಿಂದ ಡಯಲನ್ನು 135ರಲ್ಲಿಟ್ಟು, ತುಂಡುಗಳನ್ನು ತಿರುವಿ ಹಾಕುವಾಗ ಟ್ರೇಯನ್ನೂ ಹಿಂದುಮುಂದು ಮಾಡುತ್ತೇನೆ. ಅದುವರೆಗೆ ಚಪಾತಿಯನ್ನೂ ಹಿಟ್ಟನ್ನೂ ಬದಲಿಸಿ ಬದಲಿಸಿ ದಣಿದಿದ್ದೆ.

ಇನ್ನೊಂದು ಕಾರಣ ರಾಡುಗಳ ನೇರ ಕಾವು. ಓಟಿಜಿ ಕಾಯುತ್ತಿರುವ ಹೊತ್ತಿನಲ್ಲಿ ರಾಡುಗಳು ನಿಗಿನಿಗಿ ಕೆಂಪಾಗಿರುತ್ತವೆ. ಆಗ ಒಳಗಿಟ್ಟ ಹಗುರವಾದ ತುಂಡಿನ ಮೇಲ್ಮೈ ಒಳಗಿನ ಗಾಳಿಗಿಂತ ಬಹಳ ಬೇಗ ಕಾಯುತ್ತದೆ. ರಾಡಿನ ಕೆಂಪು ಆರಿ, ಥರ್ಮೋಸ್ಟಾಟ್ ಒಮ್ಮೆ ಕಡಿದುಕೊಂಡ ಮೇಲೆಯೇ ಟ್ರೇ ಇಡಬೇಕು. ಮೇಲಿನ ರಾಡಿಗೂ ಟ್ರೇಗೂ ಕನಿಷ್ಠ ಒಂದು ಗೇಣಿನ ಅಂತರವಿರುವಷ್ಟು ದೊಡ್ಡ ಓಟಿಜಿ ಇಲ್ಲದಿದ್ದರೆ, ಮೊದಲ 7 ನಿಮಿಷ ಕೆಳಗಿನ ರಾಡನ್ನು ಮಾತ್ರ ಹಾಕುವುದು ಸುರಕ್ಷಿತ.

ರಾತ್ರಿ ಗರಿ, ಬೆಳಗ್ಗೆ ಮೆತ್ತಗೆ

ಹೆಚ್ಚು ಬೇಸರ ತರಿಸುವ ದೋಷ ಇದು, ಏಕೆಂದರೆ ಮಾಡಿದ ದಿನ ಎಲ್ಲ ಸರಿಯಾಗಿದೆ ಎಂದೇ ಕಾಣುತ್ತದೆ. ಎಲ್ಲರೂ ಮೊದಲು ದೂರುವುದು ಹವೆಯನ್ನು. ಆದರೆ ಹವೆಯ ತೇವ ಹೊರಗಿನಿಂದ ಬರುವುದಕ್ಕೆ ಮೊದಲೇ ಮೆತ್ತಗಾಗಿಸುವ ನೀರು ಒಳಗೇ ಇರಬಹುದು. ತುಂಡಿನ ಅಂಚು ಪೂರ್ತಿ ಒಣಗಿ ನಡುವಿನಲ್ಲಿ ನೀರು ಉಳಿದಿದ್ದರೆ, ಡಬ್ಬಿಯಲ್ಲಿ ಕುಳಿತ ಹೊತ್ತಿನಲ್ಲಿ ಆ ನೀರು ನಿಧಾನವಾಗಿ ಅಂಚಿನವರೆಗೂ ಹರಡಿ ಇಡೀ ತುಂಡನ್ನು ಸಮನಾಗಿ ಮೆತ್ತಗೆ ಮಾಡುತ್ತದೆ. ಇವೆರಡನ್ನು ಬೇರ್ಪಡಿಸುವ ಪರೀಕ್ಷೆ ಸುಲಭ. ಒಂದೇ ಸರದಿಯ ಚಿಪ್ಸ್‌ನಲ್ಲಿ ಅರ್ಧವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲೂ ಉಳಿದರ್ಧವನ್ನು ತಟ್ಟೆಯಲ್ಲಿ ತೆರೆದೂ ಇಡಬೇಕು. ನಾಲ್ಕೈದು ಗಂಟೆಯ ಮೇಲೆ ಎರಡೂ ಮೆತ್ತಗಾಗಿದ್ದರೆ ನೀರು ಒಳಗಿನದು. ಡಬ್ಬಿಯದು ಗರಿಯಾಗಿ ಉಳಿದು ತಟ್ಟೆಯದು ಮಾತ್ರ ಮೆತ್ತಗಾಗಿದ್ದರೆ ಅದು ಹವೆಯ ಕೆಲಸ. ತಟ್ಟೆಯದು ಗರಿಯಾಗಿ ಡಬ್ಬಿಯದು ಮೆತ್ತಗಾಗಿದ್ದರೆ, ಬಿಸಿಯಾಗಿರುವಾಗಲೇ ಮುಚ್ಚಳ ಹಾಕಿದ್ದೀರಿ. ಮುಚ್ಚಳದ ಒಳಮುಖಕ್ಕೆ ಬೆರಳಾಡಿಸಿದರೆ ಪಸೆ ತಾಗುತ್ತದೆ.

ಒಳಗಿನ ನೀರಿಗೆ ಪರಿಹಾರ ಕಾವು ಹೆಚ್ಚಿಸುವುದಲ್ಲ, ಕಾವು ಇಳಿಸಿ ಹೊತ್ತು ಹೆಚ್ಚಿಸುವುದು. ಈಗಾಗಲೇ ಮೆತ್ತಗಾದ ಚಿಪ್ಸ್ ಇದ್ದರೆ ಅದನ್ನು 120 ಡಿಗ್ರಿಯಲ್ಲಿ 8ರಿಂದ 10 ನಿಮಿಷ ಮತ್ತೆ ಒಣಗಿಸಿ, ಬಾಗಿಲ ಸಂದಿ ಬಿಟ್ಟು ಆರಿಸಿದರೆ ಬಹುಪಾಲು ಗರಿ ಮರಳಿ ಬರುತ್ತದೆ, ಬಣ್ಣವೂ ಏರುವುದಿಲ್ಲ. ಇದನ್ನು ಕೊನೆಯ ಉಪಾಯವೆಂದು ತಿಳಿಯಬೇಕಾಗಿಲ್ಲ. ಮಂಗಳೂರು, ಕಾರವಾರ, ಆಗುಂಬೆಯ ಕಡೆ ಇರುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದನ್ನು ವಿಧಾನದ ಒಂದು ಹಂತವೆಂದೇ ಇಟ್ಟುಕೊಳ್ಳಬಹುದು.

ಹವೆಯ ವಿಷಯದಲ್ಲಿ ಉಪ್ಪಿನ ಪಾತ್ರವನ್ನು ಮರೆಯಬಾರದು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 75 ದಾಟಿದರೆ ಉಪ್ಪು ತಾನೇ ನೀರು ಹೀರಿ ಕರಗತೊಡಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವುದು ಇದರಿಂದಲೇ. ಚಿಪ್ಸ್‌ನ ಮೇಲ್ಮೈಯಲ್ಲಿ ಹರಡಿದ ಉಪ್ಪಿನ ಪುಡಿ ಅದೇ ಕೆಲಸವನ್ನು ಅಲ್ಲಿಯೂ ಮಾಡುತ್ತದೆ. ಆಮಚೂರ್, ಚಾಟ್ ಮಸಾಲೆ, ಸಕ್ಕರೆ ಪುಡಿ ಇವೂ ತೇವ ಹೀರುವಂಥವೇ. ಕರಾವಳಿಯ ಮಳೆಗಾಲದಲ್ಲಿ ಚಿಪ್ಸ್ ಅನ್ನು ಸಪ್ಪೆಯಾಗಿಯೇ ಶೇಖರಿಸಿ, ತಿನ್ನುವ ಹೊತ್ತಿಗೆ ಬೇಕಾದಷ್ಟನ್ನು ಬೆಚ್ಚಗೆ ಮಾಡಿ ಮಸಾಲೆ ಹಚ್ಚುವುದು ಎಲ್ಲಕ್ಕಿಂತ ಒಳ್ಳೆಯ ದಾರಿ ಎಂಬುದು ನನ್ನ ಅಭಿಪ್ರಾಯ. ದೊಡ್ಡ ಡಬ್ಬಿಯೊಂದಕ್ಕಿಂತ ಚಿಕ್ಕ ಡಬ್ಬಿಗಳು ಮೂರು ಲೇಸು. ದೊಡ್ಡದನ್ನು ಒಂದೊಂದು ಸಲ ತೆರೆದಾಗಲೂ ಒಳಗಿನ ಒಣ ಗಾಳಿ ಹೋಗಿ ಹೊರಗಿನ ತೇವದ ಗಾಳಿ ತುಂಬಿಕೊಳ್ಳುತ್ತದೆ.

ಗರಿಯಾಗದೆ ಗಡಸಾಗುವುದು

ತೂಕ ಸರಿಯಾಗಿ ಇಳಿದಿದೆ, ಬಣ್ಣವೂ ಬಂದಿದೆ, ಆದರೆ ಹಲ್ಲಿಗೆ ಹಲಗೆ ಕಚ್ಚಿದಂತಾಗುತ್ತದೆ. ಇದು ಒಣಗುವಿಕೆಯ ಪ್ರಮಾಣದ ದೋಷವಲ್ಲ, ಅದರ ರೀತಿಯ ದೋಷ. ಗರಿ ಎಂಬುದು ತೆಳುವಾದ ಗೋಡೆಗಳೂ ಸಣ್ಣ ಗಾಳಿಯ ಗೂಡುಗಳೂ ಕೂಡಿ ಬರುವ ಗುಣ. ನೀರು ಹಬೆಯಾಗಿ ಬಿರುಸಿನಿಂದ ಹೊರಬಂದರೆ ಆ ಗೂಡುಗಳು ತೆರೆದು ನಿಲ್ಲುತ್ತವೆ. ತೀರ ಕಡಿಮೆ ಕಾವಿನಲ್ಲಿ, ಉದಾಹರಣೆಗೆ 100–110 ಡಿಗ್ರಿಯಲ್ಲಿ 40 ನಿಮಿಷ, ನೀರು ಜಿನುಗುತ್ತ ಹೋದರೆ ಹಿಟ್ಟು ತನ್ನೊಳಗೇ ಕುಗ್ಗಿ ದಟ್ಟವಾಗಿ ಬಿಗಿಯುತ್ತದೆ. ಸೀಯುತ್ತದೆಂದು ಹೆದರಿ ಮೊದಲಿನಿಂದ ಕೊನೆಯವರೆಗೂ ಕಾವನ್ನು ತೀರ ಇಳಿಸಿದವರಿಗೆ ಈ ದೋಷ ಬರುತ್ತದೆ. ಮೇಲೆ ಹೇಳಿದ 120 ಡಿಗ್ರಿಯ ಒಣಗಿಸುವಿಕೆ ಈಗಾಗಲೇ ಗೂಡುಗಳು ತೆರೆದ ಚಿಪ್ಸ್‌ಗೆ. ಹಸಿ ಚಪಾತಿಗೆ ಅದು ಆರಂಭದ ಕಾವು ಆಗಬಾರದು.

ಇಲ್ಲಿ ನಮ್ಮ ಉತ್ತರ ಕರ್ನಾಟಕದ ಖಡಕ್ ರೊಟ್ಟಿ ನೆನಪಾಗುವುದು ಸಹಜ. ಬೆಂದ ಜೋಳದ ರೊಟ್ಟಿಯನ್ನು ಒಲೆಯ ಬದಿಗೆ ಆನಿಸಿಟ್ಟು, ಮಂದ ಕಾವಿನಲ್ಲೇ ಒಣಗಿಸುತ್ತಾರೆ, ಆದರೂ ಅದು ಗಡಸಾಗದೆ ಕರಕರ ಮುರಿಯುತ್ತದೆ. ವ್ಯತ್ಯಾಸವಿರುವುದು ಹಿಟ್ಟಿನಲ್ಲಿ. ಗೋಧಿಯ ಹಿಟ್ಟನ್ನು ನಾದಿದಾಗ ಗ್ಲುಟೆನ್‌ನ ಎಳೆಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ, ನಿಧಾನವಾಗಿ ಒಣಗಿದಾಗ ಆ ಬಲೆ ಬಿಗಿದು ಚಿಪ್ಸ್ ಅನ್ನು ಕಟ್ಟಿಹಾಕುತ್ತದೆ. ಜೋಳದಲ್ಲಿ ಆ ಬಲೆಯಿಲ್ಲ. ರೊಟ್ಟಿ ನಿಂತಿರುವುದೇ ಬಿಸಿನೀರಿಗೆ ಬೆಂದ ಪಿಷ್ಟದ ಬಲದಿಂದ, ಆದ್ದರಿಂದ ಅದು ಒಣಗಿದಾಗ ಸುಲಭವಾಗಿ ಒಡೆಯುತ್ತದೆ. ಗುಜರಾತಿನ ಖಾಖ್ರಾ ಗೋಧಿಯದೇ ಆದರೂ ಮಂದ ಕಾವಿನಲ್ಲಿ ಗರಿಯಾಗುತ್ತದೆ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಕಣಕದಲ್ಲೇ ಎಣ್ಣೆ ಸೇರಿಸುತ್ತಾರೆ, ಕಾಗದದಷ್ಟು ತೆಳುವಾಗಿ ಲಟ್ಟಿಸುತ್ತಾರೆ, ಮರದ ಒತ್ತುಮಣೆಯಿಂದ ತವೆಗೆ ಒತ್ತಿ ಒತ್ತಿ ಒಣಗಿಸುತ್ತಾರೆ. ಊಟಕ್ಕೆಂದು ಮಾಡಿದ ಚಪಾತಿಗೆ ಈ ಮೂರೂ ಇಲ್ಲ.

ಹಾಗಾದರೆ ಇರುವ ಚಪಾತಿಯನ್ನೇ ತೆಳುವಾಗಿಸುವುದು ಹೇಗೆ? ಉಬ್ಬಿದ ಫುಲ್ಕಾ ಇದಕ್ಕೆ ಹೇಳಿ ಮಾಡಿಸಿದಂತಿದೆ. ಉಬ್ಬಿದಾಗ ಅದು ಎರಡು ಪದರವಾಗಿರುತ್ತದೆ, ಆರಿದ ಮೇಲೂ ಆ ಸೀಳು ಒಳಗೆ ಉಳಿದಿರುತ್ತದೆ. ಅಂಚಿನಲ್ಲಿ ಚಾಕುವಿನ ತುದಿ ತೂರಿಸಿ ಒಂದು ಸುತ್ತು ಬಿಡಿಸಿದರೆ ಎರಡು ತೆಳುವಾದ ಹಾಳೆಗಳು ಕೈಗೆ ಬರುತ್ತವೆ: ಒಂದು ತುಸು ತೆಳು, ಇನ್ನೊಂದು ತುಸು ದಪ್ಪ, ಒಳಮುಖ ಒರಟು. ಪಶ್ಚಿಮ ಏಷ್ಯಾದ ಪೀಟಾ ರೊಟ್ಟಿಯ ಚಿಪ್ಸ್ ಮಾಡುವಾಗಲೂ ಹೀಗೆಯೇ ಎರಡಾಗಿ ಬಿಡಿಸುತ್ತಾರೆ. ಈ ಹಾಳೆಗಳು 160 ಡಿಗ್ರಿಯಲ್ಲಿ 5ರಿಂದ 6 ನಿಮಿಷದಲ್ಲೇ ಆಗಿಬಿಡುತ್ತವೆ, ಕಣ್ಣು ತೆಗೆಯದೆ ನೋಡುತ್ತಿರಬೇಕು. ಒರಟು ಒಳಮುಖ ಮಸಾಲೆಯನ್ನೂ ಚೆನ್ನಾಗಿ ಹಿಡಿಯುತ್ತದೆ. ಒಮ್ಮೆ ಹೀಗೆ ಮಾಡಿದ ಮೇಲೆ ನಾನು ದಪ್ಪನೆಯ ಚಪಾತಿಯ ಚಿಪ್ಸ್ ಕಡೆಗೆ ಮರಳಿ ಹೋಗಿಲ್ಲ.

ಬಿಡಿಸಲಾಗದ ಚಪಾತಿಯಾದರೆ ಎಣ್ಣೆಯನ್ನು ಪರೀಕ್ಷಿಸಬೇಕು. ಎಣ್ಣೆ ಸವರದ ಚಿಪ್ಸ್ ಬಹುಮಟ್ಟಿಗೆ ಗಡಸಾಗಿಯೇ ಬರುತ್ತದೆ. ಚಪಾತಿಯ ತೂಕದ ಶೇಕಡಾ 6ರಷ್ಟು ಎಣ್ಣೆ ಸಾಕು; ಅದು ಎರಡೂ ಬದಿಗೆ, ಮೂಲೆಯವರೆಗೂ ತಲುಪಿರಬೇಕು ಅಷ್ಟೇ. ಹೆಚ್ಚು ಹಾಕಿದರೆ ಗರಿ ಹೆಚ್ಚುವುದಿಲ್ಲ, ಜಿಡ್ಡು ಮಾತ್ರ ಉಳಿಯುತ್ತದೆ.

ಮಸಾಲೆ ಕಹಿಯಾಗುವುದು, ಉದುರುವುದು

ಕಹಿಗೆ ಕಾರಣ ಬಹುತೇಕ ಒಂದೇ: ಮಸಾಲೆಯನ್ನು ಎಣ್ಣೆಯೊಂದಿಗೆ ಕಲಸಿ ಮೊದಲೇ ಹಚ್ಚಿರುತ್ತಾರೆ. ನುಣ್ಣನೆಯ ಪುಡಿಯಲ್ಲಿ ನೀರು ಬಹಳ ಕಡಿಮೆ, ಆದ್ದರಿಂದ ಚಪಾತಿ ಒಣಗುವುದಕ್ಕೆ ಮೊದಲೇ ಅದು ಸೀಯುತ್ತದೆ. ಬೆಳ್ಳುಳ್ಳಿ ಪುಡಿ ಎಲ್ಲಕ್ಕಿಂತ ಮುಂಚೆ ಕಹಿಯಾಗುತ್ತದೆ, ಅದರ ಹಿಂದೆಯೇ ಮೆಣಸಿನ ಪುಡಿ ಮತ್ತು ಕಸೂರಿ ಮೇಥಿ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯನ್ನು ನಾವು ಆರಿಸಿಕೊಳ್ಳುವುದೇ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಕಾರಣಕ್ಕೆ. ಅದನ್ನು 160 ಡಿಗ್ರಿಯಲ್ಲಿ 12 ನಿಮಿಷ ಇಟ್ಟರೆ ಆ ಕೆಂಪು ಇಟ್ಟಿಗೆಯ ಪುಡಿಯ ಬಣ್ಣಕ್ಕೆ ತಿರುಗಿ, ಆರಿಸಿಕೊಂಡ ಉದ್ದೇಶವೇ ಕೈಬಿಡುತ್ತದೆ. ಓಂಕಾಳು, ಎಳ್ಳು, ಇಡಿ ಜೀರಿಗೆ ಇಂಥ ಇಡಿ ಕಾಳುಗಳನ್ನು ಮೊದಲೇ ಹಾಕಬಹುದು, ಅವು ತಾಳಿಕೊಳ್ಳುತ್ತವೆ. ಪುಡಿಗಳೆಲ್ಲ ಕೊನೆಗೆ.

ಕೊನೆಗೆ ಹಾಕಿದರೆ ಅಂಟುವುದಿಲ್ಲ ಎಂಬುದು ಎದುರಾಗುವ ತೊಂದರೆ. ಅಂಟಲು ಬೇಕಾದದ್ದು ಬಿಸಿ, ತೆಳುವಾದ ಜಿಡ್ಡು, ನುಣುಪಾದ ಪುಡಿ. ಸ್ವಿಚ್ ಆರಿಸಿ 10 ನಿಮಿಷ ಬಿಟ್ಟ ಚಿಪ್ಸ್ ಅನ್ನು ಬಿಸಿ ಆರುವ ಮೊದಲೇ ಅಗಲವಾದ ಪಾತ್ರೆಗೆ ಸುರಿದು, ಅರ್ಧ ಚಮಚ ಬೆಚ್ಚಗಿನ ಎಣ್ಣೆಯನ್ನು ಅಂಗೈಗೆ ಸವರಿಕೊಂಡು ಚಿಪ್ಸ್ ಮೇಲೆ ಹಗುರವಾಗಿ ಆಡಿಸಿ, ಆಮೇಲೆ ಪುಡಿಯನ್ನು ಚಹಾ ಸೋಸುವ ಜಾಲರಿಯಿಂದ ಉದುರಿಸಿ ಪಾತ್ರೆಯನ್ನು ಕುಲುಕಬೇಕು. ಹರಳುಪ್ಪು ತಳಕ್ಕೆ ಜಾರುತ್ತದೆ, ಪುಡಿ ಉಪ್ಪನ್ನೂ ಮಸಾಲೆಯೊಂದಿಗೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸುವುದು ಒಳ್ಳೆಯದು. 150 ಗ್ರಾಂ ಚಪಾತಿಗೆ ಅರ್ಧ ಚಮಚ ಮೆಣಸಿನ ಪುಡಿ, ಅರ್ಧ ಚಮಚ ಹುರಿದ ಜೀರಿಗೆ ಪುಡಿ, ಕಾಲು ಚಮಚ ಕಾಳುಮೆಣಸು, ಚಿಟಿಕೆ ಇಂಗು, ಕಾಲು ಚಮಚ ಉಪ್ಪು ನನಗೆ ಹಿತವೆನಿಸಿದ ಪ್ರಮಾಣ. ಚಪಾತಿಯ ಕಣಕದಲ್ಲೇ ಉಪ್ಪಿರುವುದನ್ನು ಲೆಕ್ಕಕ್ಕೆ ಹಿಡಿಯಬೇಕು. ಶೇಂಗಾ ಚಟ್ನಿಪುಡಿ ಅಥವಾ ಗುರೆಳ್ಳಿನ ಪುಡಿ ಹಚ್ಚುವುದಾದರೆ ಅವುಗಳಲ್ಲೇ ಎಣ್ಣೆಯಂಶ ಇರುವುದರಿಂದ ಮೇಲಿನ ಅರ್ಧ ಚಮಚ ಎಣ್ಣೆ ಬೇಡ. ಅಂಥ ಚಿಪ್ಸ್ ಅನ್ನು ಎರಡು ಮೂರು ದಿನದಲ್ಲಿ ಮುಗಿಸಬೇಕು.

ಉಳಿದ ಕೆಲವು ದೋಷಗಳು

ಚಿಪ್ಸ್ ಗುಳ್ಳೆಯೆದ್ದು ಪೂರಿಯಂತೆ ಉಬ್ಬಿದರೆ ಪದರಗಳ ನಡುವಿನ ಹಬೆಗೆ ದಾರಿ ಸಿಕ್ಕಿಲ್ಲ. ಕತ್ತರಿಸಿದ ಮೇಲೆ ಪ್ರತಿ ತುಂಡಿಗೂ ಫೋರ್ಕ್‌ನಿಂದ ಎರಡು ಕಡೆ ಚುಚ್ಚಿದರೆ ಸಾಕು. ಬಣ್ಣವೇ ಬಾರದೆ ಬಿಳಚಿಕೊಂಡಿದ್ದರೆ ಟ್ರೇಯಲ್ಲಿ ತುಂಡುಗಳು ಒತ್ತೊತ್ತಾಗಿ ಒಂದರ ಹಬೆಯಲ್ಲಿ ಇನ್ನೊಂದು ಬೇಯುತ್ತಿದೆ, ಇಲ್ಲವೇ ಓಟಿಜಿ ಡಯಲಿಗಿಂತ ತಂಪು. ಸಕ್ಕರೆಯ ಪರೀಕ್ಷೆ ಇಲ್ಲಿಯೂ ಉತ್ತರ ಕೊಡುತ್ತದೆ. ಕಣಕಕ್ಕೆ ಹಾಲು, ಮೊಸರು ಅಥವಾ ಸಕ್ಕರೆ ಹಾಕಿದ ಚಪಾತಿ ಇದಕ್ಕೆ ವಿರುದ್ಧವಾಗಿ ಬೇಗ ಕೆಂಪಾಗುತ್ತದೆ, ಅದಕ್ಕೆ 10–15 ಡಿಗ್ರಿ ಕಡಿಮೆ ಇಡಬೇಕು.

ವಾರ ಕಳೆದ ಚಿಪ್ಸ್ ಗರಿಯಾಗಿಯೇ ಇದ್ದು ಕಮಟು ವಾಸನೆ ಬಂದರೆ ಅದು ಎಣ್ಣೆ ಕೆಟ್ಟದ್ದರ ಗುರುತು. ಇಡಿ ಗೋಧಿ ಹಿಟ್ಟಿನ ಮೊಳಕೆಯ ಭಾಗದಲ್ಲೂ ಎಣ್ಣೆ ಇರುವುದರಿಂದ ಹಳೆಯ ಹಿಟ್ಟೇ ಮೊದಲ ಶಂಕಿತ. ಕರಿದು ಉಳಿದ ಎಣ್ಣೆಯನ್ನು ಚಿಪ್ಸ್‌ಗೆ ಸವರಬಾರದು, ಡಬ್ಬಿಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು. ಈ ದೋಷವನ್ನು ಮತ್ತೆ ಬೇಕ್ ಮಾಡಿ ಸರಿಪಡಿಸಲಾಗದು, ಎಸೆಯಬೇಕು. ಬೂಸ್ಟಿನ ಚುಕ್ಕೆ ಕಂಡ ಚಪಾತಿಯನ್ನೂ ಅಷ್ಟೇ, ಆ ಭಾಗ ಕತ್ತರಿಸಿ ತೆಗೆದು ಉಳಿದದ್ದನ್ನು ಬಳಸುವ ಯೋಚನೆ ಬೇಡ.

ಏರ್ ಫ್ರೈಯರ್ ಬಳಸುವವರಿಗೆ ಬರುವ ತೊಂದರೆ ಬೇರೆ ಬಗೆಯದು: ಒಣಗಿ ಹಗುರಾದ ತುಂಡುಗಳನ್ನು ಫ್ಯಾನಿನ ಗಾಳಿ ಮೇಲಕ್ಕೆತ್ತಿ ಕಾಯಿಲ್‌ಗೆ ತಾಗಿಸುತ್ತದೆ, ಸುಟ್ಟ ವಾಸನೆ ಬರುತ್ತದೆ, ಕೆಳಗಿನವು ನೋಡಿದರೆ ಇನ್ನೂ ಮೆತ್ತಗಿರುತ್ತವೆ. ತುಂಡುಗಳ ಮೇಲೆ ಚಿಕ್ಕ ತಂತಿ ಜಾಲರಿಯೊಂದನ್ನು ಹೊದಿಸಿ, 150 ಡಿಗ್ರಿಯಲ್ಲಿ ಎರಡೆರಡು ನಿಮಿಷಕ್ಕೊಮ್ಮೆ ಕುಲುಕುತ್ತ ಹೋದರೆ 6ರಿಂದ 8 ನಿಮಿಷದಲ್ಲಿ ಆಗುತ್ತದೆ. ಮೈಕ್ರೋವೇವ್‌ನ ಸಾಮಾನ್ಯ ಕ್ರಮದಲ್ಲಿ ಚಪಾತಿ ಚಿಪ್ಸ್ ಮಾಡಬಾರದು ಎಂದೇ ಹೇಳುತ್ತೇನೆ: ಒಂದು ತುಂಡಿನ ನಡು ಕರಕಲಾದಾಗ ಪಕ್ಕದ ತುಂಡು ತೊಗಲಾಗಿರುತ್ತದೆ. ಕನ್ವೆಕ್ಷನ್ ಕ್ರಮವಿದ್ದರೆ ಮಾತ್ರ ಓಟಿಜಿಯಂತೆಯೇ ಬಳಸಬಹುದು.

ಇಷ್ಟಾದರೂ ಒಂದು ಟ್ರೇ ಗಡಸಾಗಿಯೇ ಉಳಿದರೆ, ಸೀದಿಲ್ಲವೆಂದಾದರೆ, ಅದನ್ನು ಮತ್ತೆ ಮತ್ತೆ ಕಾಯಿಸಬೇಡಿ. ಪೂರ್ತಿ ಆರಿದ ಮೇಲೆ ಮಿಕ್ಸಿಯಲ್ಲಿ ರವೆಯಷ್ಟು ದಪ್ಪಕ್ಕೆ ಪುಡಿ ಮಾಡಿ ಬಿಗಿ ಡಬ್ಬಿಯಲ್ಲಿ ಇಟ್ಟುಕೊಂಡರೆ, ಕಟ್ಲೆಟ್ ಹೊರಳಿಸಲು ಬ್ರೆಡ್ ಪುಡಿಯ ಬದಲಿಗೆ ಚೆನ್ನಾಗಿ ಒದಗುತ್ತದೆ; ಮಸಾಲೆ ಆಗಲೇ ಸೇರಿರುವುದರಿಂದ ಕಟ್ಲೆಟ್‌ಗೆ ಹಾಕುವ ಉಪ್ಪನ್ನು ಸ್ವಲ್ಪ ಕಡಿಮೆ ಮಾಡಬೇಕು.